ಸಸ್ಯೂರನೂ ರಚನಾವಾದದ ಉಗಮವೂ

೧

ಭಾಷೆಯ ಸ್ವರೂಪವನ್ನು ಅರಿಯಬೇಕೆನ್ನುವವನಿಗೆ ಅದರ ಇತಿಹಾಸದ ತಿಳಿವಳಿಕೆ ಬೇಕೇ ಬೇಡವೇ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಸಣ್ಣದಾಗಿ ಕಂಡರೂ, ಅದರ ಉತ್ತರದ ಮೇಲೆ ಎರಡು ಶಾಸ್ತ್ರಗಳ ಪರಸ್ಪರ ಸಂಬಂಧವೇ ನಿಂತಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪ್ರಶ್ನೆಗೆ ಹೆಚ್ಚು ಅವಕಾಶವಿರಲಿಲ್ಲ. ಭಾಷಾಶಾಸ್ತ್ರವೆಂದರೆ ಭಾಷೆಗಳ ಇತಿಹಾಸವೆಂದೇ ಅಂದಿನ ಯೂರೋಪಿನ ವಿದ್ವಾಂಸರು ಬಹುಮಟ್ಟಿಗೆ ಭಾವಿಸಿದ್ದರು. ಜರ್ಮನಿಯ ಹೆರ್ಮನ್ ಪೌಲನು ಭಾಷೆಯ ಇತಿಹಾಸದ ತತ್ತ್ವಗಳನ್ನು ಕುರಿತು ೧೮೮೦ರಲ್ಲಿ ಹೊರತಂದ ಗ್ರಂಥವು ಈ ಭಾವನೆಯ ಪ್ರಾತಿನಿಧಿಕ ರೂಪವೆನ್ನಬಹುದು. ಇಪ್ಪತ್ತನೆಯ ಶತಮಾನದಲ್ಲಿ ಗಾಳಿ ತಿರುಗಿತು. ಭಾಷೆಯೊಂದು ಒಂದು ಕಾಲದಲ್ಲಿ ಹೇಗಿದೆಯೋ ಹಾಗೆ, ಅಂಗಾಂಗಗಳು ಒಂದನ್ನೊಂದು ಹಿಡಿದು ನಿಂತಿರುವ ಒಂದು ವ್ಯವಸ್ಥೆಯೆಂದು ಅದನ್ನು ನೋಡಬೇಕೆಂಬ ಪಂಥವು ತಲೆಯೆತ್ತಿತು. ಇದಕ್ಕೆ ರಚನಾವಾದವೆಂದು ಹೆಸರಾಯಿತು. ಈ ಪಂಥದ ಮೂಲಪುರುಷನೆಂದು ಎಲ್ಲರೂ ಒಪ್ಪುವ ಹೆಸರು ಜಿನೀವಾ ನಗರದ ಫರ್ಡಿನೆಂಡ್ ಡಿ ಸಸ್ಯೂರನದು.

ಇತಿಹಾಸವನ್ನು ಬೋಧಿಸುವ ನಾವು ಈ ವಿಷಯಕ್ಕೆ ಕೈಹಾಕಲು ಒಂದು ಕಾರಣವುಂಟು. ತರಗತಿಯಲ್ಲಿ ಹಳೆಯ ಶಾಸನಗಳನ್ನು ಓದಿಸುವಾಗ, ಭಾಷಾವಿಜ್ಞಾನವನ್ನೂ ಅಲ್ಪಸ್ವಲ್ಪ ಓದಿಕೊಂಡು ಬಂದ ವಿದ್ಯಾರ್ಥಿಯು, ಭಾಷೆಯನ್ನು ತಿಳಿಯಲು ಅದರ ಹಿಂದಿನ ಅವಸ್ಥೆಗಳು ಬೇಕಿಲ್ಲವೆಂದು ಸಸ್ಯೂರನು ಸ್ಥಾಪಿಸಿಬಿಟ್ಟಿದ್ದಾನಲ್ಲವೇ ಎಂದು ಕೇಳುವುದುಂಟು. ಹೀಗೆಂದು ಹೇಳುವ ಕೈಪಿಡಿಗಳೂ ಇಲ್ಲದಿಲ್ಲ. ಆದರೆ ಒಂದು ಮಾತು ಒಬ್ಬನ ಹೆಸರಿನಲ್ಲಿ ನಡೆದುಬಂದಾಗ, ಅದನ್ನು ಬರೆದವರು ಯಾರು, ಎಂದು ಬರೆದರು, ಯಾವ ಆಧಾರದಿಂದ ಬರೆದರು ಎಂದು ವಿಚಾರಿಸುವುದು ಇತಿಹಾಸಕಾರನ ಮೊದಲ ಕರ್ತವ್ಯ. ಶಾಸನಕ್ಕೂ ತಾಮ್ರಪಟಕ್ಕೂ ಅನ್ವಯಿಸುವ ಈ ನಿಯಮವು ಅಚ್ಚಾದ ಪುಸ್ತಕಕ್ಕೂ ಅನ್ವಯಿಸತಕ್ಕದ್ದೇ. ಹಾಗೆ ವಿಚಾರಿಸಿದರೆ, ವ್ಯವಸ್ಥೆಯೆಂಬ ಕಲ್ಪನೆಯು ಇತಿಹಾಸವನ್ನು ತಳ್ಳಿಹಾಕಿ ಹುಟ್ಟಿದುದಲ್ಲ, ಇತಿಹಾಸದ ಕೆಲಸದ ನಡುವೆಯೇ ಹುಟ್ಟಿದುದು ಎಂಬುದು ಕಂಡುಬರುತ್ತದೆ. ಇದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಸಸ್ಯೂರನು ೧೮೫೭ನೆಯ ನವೆಂಬರ್ ೨೬ರಂದು ಜಿನೀವಾದಲ್ಲಿ ಜನಿಸಿದನು. ವಿದ್ಯೆಯು ಆ ಮನೆತನಕ್ಕೆ ಹೊಸದಾಗಿರಲಿಲ್ಲ. ಮುತ್ತಾತನಾದ ಒರಾಸ್ ಬೆನೆಡಿಕ್ಟನು ಭೂವಿಜ್ಞಾನಿ; ೧೭೮೭ರಲ್ಲಿ ಮೋಂಬ್ಲಾಂ ಶಿಖರವನ್ನು ಏರಿ ಅಲ್ಲಿ ಅಳತೆಗಳನ್ನು ಮಾಡಿದವನು. ತಂದೆ ಆನ್ರಿಯು ಕೀಟಶಾಸ್ತ್ರಜ್ಞ. ಹುಡುಗನಿಗೆ ಭಾಷೆಗಳಲ್ಲಿ ಆಸಕ್ತಿಯನ್ನು ಹುಟ್ಟಿಸಿದವನು ಆ ಕುಟುಂಬದ ಸ್ನೇಹಿತನೂ ಭಾಷಾವಿದ್ವಾಂಸನೂ ಆದ ಅಡಾಲ್ಫ್ ಪಿಕ್ಟೆ. ೧೮೭೫ರಲ್ಲಿ ಮನೆಯ ಸಂಪ್ರದಾಯದಂತೆ ಜಿನೀವಾ ವಿಶ್ವವಿದ್ಯಾನಿಲಯದಲ್ಲಿ ಭೌತ ರಸಾಯನ ಶಾಸ್ತ್ರಗಳಿಗೆ ಸೇರಿದ ತರುಣನು ಮರುವರ್ಷವೇ ಅವನ್ನು ಬಿಟ್ಟು ಲೈಪ್ಜಿಗ್ ನಗರಕ್ಕೆ ತೆರಳಿದನು.

ಆ ಕಾಲದಲ್ಲಿ ಲೈಪ್ಜಿಗ್ ತೌಲನಿಕ ಭಾಷಾಶಾಸ್ತ್ರದ ರಾಜಧಾನಿಯೆನಿಸಿತ್ತು. ಧ್ವನಿಪರಿವರ್ತನೆಯ ನಿಯಮಗಳಿಗೆ ಅಪವಾದವಿಲ್ಲವೆಂದು ಸಾರಿದ ನವವೈಯಾಕರಣರು ಅಲ್ಲಿದ್ದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮುಂತಾದ ಭಾಷೆಗಳನ್ನು ಒಂದರೊಡನೆ ಒಂದನ್ನಿಟ್ಟು ನೋಡಿ, ಅವೆಲ್ಲಕ್ಕೂ ತಾಯಿಯಾದ, ಲಿಖಿತರೂಪದಲ್ಲಿ ಎಲ್ಲಿಯೂ ಉಳಿಯದ ಮೂಲ ಇಂಡೋ-ಯುರೋಪಿಯನ್ ಭಾಷೆಯನ್ನು ಪುನಾರಚಿಸುವುದು ಅವರ ಗುರಿ. ಅಂದು ಎಲ್ಲರನ್ನೂ ಕಾಡುತ್ತಿದ್ದ ಸಮಸ್ಯೆಯೆಂದರೆ ಆ ಮೂಲಭಾಷೆಯಲ್ಲಿ ಎಷ್ಟು ಸ್ವರಗಳಿದ್ದವು, ಅವು ಯಾವುವು ಎಂಬುದು. ಈ ಸಮಸ್ಯೆಯನ್ನು ಕುರಿತು ಸಸ್ಯೂರನು ಬರೆದ ಗ್ರಂಥವು ೧೮೭೮ರ ಡಿಸೆಂಬರಿನಲ್ಲಿ, ಮುಖಪುಟದ ಮೇಲೆ ೧೮೭೯ನೆಯ ಇಸವಿಯನ್ನು ಹೊತ್ತು, ಲೈಪ್ಜಿಗಿನಲ್ಲಿಯೇ ಪ್ರಕಟವಾಯಿತು. ಆಗ ಅವನ ವಯಸ್ಸು ಇಪ್ಪತ್ತೊಂದು. ಗ್ರಂಥದ ಹೆಸರು ಇಂಡೋ-ಯುರೋಪಿಯನ್ ಭಾಷೆಗಳ ಸ್ವರಗಳ ಆದಿಮ ವ್ಯವಸ್ಥೆಯನ್ನು ಕುರಿತ ಪ್ರಬಂಧ ಎಂಬರ್ಥದ್ದು. ಶೀರ್ಷಿಕೆಯಲ್ಲಿಯೇ ಇರುವ 'ವ್ಯವಸ್ಥೆ' ಎಂಬ ಮಾತನ್ನು ವಾಚಕರು ಗಮನಿಸಬೇಕು. ಮುಂದೆ ರಚನಾವಾದವೆಂದು ಕರೆಯಲ್ಪಟ್ಟ ವಿಚಾರದ ಬೀಜವು ಮೂವತ್ತೆಂಟು ವರ್ಷಗಳ ತರುವಾಯ ಬಂದ ಪ್ರಸಿದ್ಧ ಗ್ರಂಥದಲ್ಲಿ ಮೊದಲ ಬಾರಿಗೆ ಬಿದ್ದುದಲ್ಲ. ಐತಿಹಾಸಿಕ ಭಾಷಾಶಾಸ್ತ್ರದ ಈ ಪ್ರೌಢ ಪ್ರಬಂಧದಲ್ಲಿಯೇ ಬಿದ್ದಿತ್ತು.

೩

ಅವನ ತರ್ಕದ ಸ್ವರೂಪವನ್ನು ಸಂಸ್ಕೃತ ಬಲ್ಲ ನಮ್ಮವರಿಗೆ ಎಟುಕುವ ಒಂದು ಉದಾಹರಣೆಯಿಂದ ವಿವರಿಸಬಹುದು. ಸಂಸ್ಕೃತದಲ್ಲಿ ಕ್ರಿಯಾರೂಪದೊಳಗೆ ನಕಾರವನ್ನು ತರುವ ಮೂರು ವರ್ಗದ ಧಾತುಗಳಿವೆ. ರುಧಾದಿ ಗಣದ 'ಯುಜ್' ಎಂಬುದರಿಂದ 'ಯುನಕ್ತಿ' ಎಂದಾಗುತ್ತದೆ. ಧಾತುಪಾಠದಲ್ಲಿ ಭ್ವಾದಿಗೆ ಸೇರಿದ್ದರೂ ಸ್ವಾದಿಗಳಂತೆಯೇ ನಡೆಯುವ 'ಶ್ರು' ಎಂಬುದರಿಂದ 'ಶೃಣೋತಿ' ಎಂದಾಗುತ್ತದೆ. ಕ್ರ್ಯಾದಿಯ 'ಪೂ' ಎಂಬುದರಿಂದ 'ಪುನಾತಿ' ಎಂದಾಗುತ್ತದೆ. ಪಾಣಿನಿಯು ಇವುಗಳಿಗೆ ಮೂರು ಬೇರೆಬೇರೆ ವಿಕರಣಗಳನ್ನು ಹೇಳಿದ್ದಾನೆ. ಮೊದಲನೆಯದರಲ್ಲಿ 'ನ' ಎಂಬುದು ಧಾತುವಿನ ಒಳಗೆ ಸೇರುತ್ತದೆ. ಉಳಿದೆರಡರಲ್ಲಿ 'ನು' ಮತ್ತು 'ನಾ' ಎಂಬುವು ಧಾತುವಿನ ಮುಂದೆ ಸೇರುತ್ತವೆ. 'ಪುನಾತಿ'ಯಲ್ಲಿ ಧಾತುವಿನ ದೀರ್ಘವು ಹ್ರಸ್ವವಾಗುವುದಕ್ಕೆ ಪ್ರತ್ಯೇಕವಾದ ಇನ್ನೊಂದು ಸೂತ್ರವೂ ಉಂಟು. ಸಂಸ್ಕೃತದ ಪದಗಳನ್ನು ಸಾಧಿಸುವುದಕ್ಕೆ ಈ ಏರ್ಪಾಡು ನಿರ್ದುಷ್ಟವಾಗಿದೆ.

ಸಸ್ಯೂರನು ಕೇಳಿದ ಪ್ರಶ್ನೆ ಬೇರೆ. ಈ ಮೂರೂ ಮೂಲದಲ್ಲಿ ಒಂದೇ ಏರ್ಪಾಡಾಗಿದ್ದಿರಬಾರದೇಕೆ? 'ಯುನಕ್ತಿ'ಯಲ್ಲಿ ಧಾತುವಿನ ಕೊನೆಯ ವ್ಯಂಜನದ ಹಿಂದೆ 'ನ' ಬಂದಿದೆ: ಯು-ನ-ಜ್. 'ಶೃಣೋತಿ'ಯನ್ನೂ ಹಾಗೆಯೇ ಬಿಡಿಸಿದರೆ ಶೃ-ನ-ಉ ಎಂದಾಗುತ್ತದೆ. ಅಕಾರ ಉಕಾರಗಳು ಕೂಡಿ ಓಕಾರವಾಗುವುದು ಎಲ್ಲರೂ ಬಲ್ಲ ಸಂಗತಿ. ಈಗ 'ಪುನಾತಿ'ಯನ್ನೂ ಅದೇ ಅಚ್ಚಿನಲ್ಲಿಟ್ಟರೆ ಪು-ನ ಎಂಬುದರ ಮುಂದೆ ಏನೋ ಒಂದು ವರ್ಣವಿರಬೇಕಾಗುತ್ತದೆ. ಆ ವರ್ಣವು ಅಕಾರದೊಡನೆ ಕೂಡಿದಾಗ 'ನಾ' ಎಂಬ ದೀರ್ಘವು ಬರಬೇಕು. ನಕಾರವಿಲ್ಲದೆಡೆಯಲ್ಲಿ ಅದೇ ವರ್ಣವು ಉಕಾರದೊಡನೆ ಕೂಡಿ 'ಪೂ' ಎಂಬ ದೀರ್ಘವನ್ನು ಕೊಡಬೇಕು. ಇಷ್ಟನ್ನು ಒಪ್ಪಿಕೊಂಡರೆ ಧಾತುವನ್ನು ಹ್ರಸ್ವಗೊಳಿಸುವ ಪ್ರತ್ಯೇಕ ಸೂತ್ರವೇ ಬೇಕಾಗುವುದಿಲ್ಲ; ದೀರ್ಘವು ಅಲ್ಲಿ ಮೊದಲಿನಿಂದಲೂ ಇರಲಿಲ್ಲ. ಇಷ್ಟೇ ಅಲ್ಲ. 'ಯೋಕ್ತುಮ್', 'ಶ್ರೋತುಮ್' ಎಂಬಲ್ಲಿ ಇಲ್ಲದ ಒಂದು ಇಕಾರವು 'ಪವಿತುಮ್' ಎಂಬಲ್ಲಿ ಕಾಣಿಸುತ್ತದೆ. ನಮ್ಮ ವೈಯಾಕರಣರು ಇಂತಹ ಧಾತುಗಳನ್ನು ಸೇಟ್ ಎಂದೂ ಉಳಿದವನ್ನು ಅನಿಟ್ ಎಂದೂ ವಿಂಗಡಿಸಿದ್ದಾರೆ. ಆ ಇಕಾರವೂ ಅದೇ ಅಜ್ಞಾತ ವರ್ಣದ ಅವಶೇಷವೆಂದು ಸಸ್ಯೂರನು ಕಂಡನು.

ಹೀಗೆ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುತ್ತಿದ್ದ ಸಂಗತಿಗಳು ಒಂದೇ ಸೂತ್ರದಲ್ಲಿ ಕೋದುಕೊಂಡವು. ಆ ವರ್ಣದ ಉಚ್ಚಾರಣೆ ಹೇಗಿತ್ತೆಂಬುದನ್ನು ಅವನು ಮುಖ್ಯವೆಂದು ಎಣಿಸಲಿಲ್ಲ. ಬೀಜಗಣಿತದ ಮಾತನ್ನು ತಂದು ಅದನ್ನು ಒಂದು ಗುಣಾಂಕವೆಂದು ಕರೆದನು. ಅಂತಹವು ಎರಡು ಇದ್ದವೆಂದು ಊಹಿಸಿ ಎರಡಕ್ಕೂ ಬೇರೆಬೇರೆ ಗುರುತುಗಳನ್ನಿಟ್ಟನು. ಯಾವ ಭಾಷೆಯಲ್ಲಿಯೂ ಕೇಳಿಬಾರದಿದ್ದ ವರ್ಣವೊಂದಕ್ಕೆ, ವ್ಯವಸ್ಥೆಯೊಳಗೆ ಅದು ತುಂಬುವ ಸ್ಥಾನವೇ ಅಸ್ತಿತ್ವದ ಸಾಕ್ಷಿಯಾಯಿತು. ಲೈಪ್ಜಿಗಿನ ಪಂಡಿತರಲ್ಲಿ ಅನೇಕರಿಗೆ ಇದು ರುಚಿಸಲಿಲ್ಲ. ಕಾಣದ ವರ್ಣವನ್ನು ಲೆಕ್ಕದಿಂದ ಸಾಧಿಸುವ ರೀತಿಯು ಅವರಿಗೆ ತೀರ ಗಣಿತಪ್ರಾಯವಾಗಿ ತೋರಿತು.

ಇದರ ಮುಂದಿನ ಕಥೆಯು ವಿದ್ಯೆಯ ಚರಿತ್ರೆಯಲ್ಲಿ ಅಪರೂಪವಾದುದು. ೧೯೦೬ರಿಂದ ತುರ್ಕಿಯ ಬೊಗಾಜ್‌ಕೊಯ್ ಎಂಬಲ್ಲಿ ನಡೆದ ಉತ್ಖನನದಲ್ಲಿ ಹಿಟ್ಟೈಟರ ರಾಜಧಾನಿಯ ಮಣ್ಣಿನ ಫಲಕಗಳು ಸಾವಿರಾರು ದೊರೆತವು. ಅವುಗಳ ಭಾಷೆಯು ಇಂಡೋ-ಯುರೋಪಿಯನ್ ವರ್ಗಕ್ಕೆ ಸೇರಿದುದೆಂದು ಚೆಕ್ ವಿದ್ವಾಂಸ ಹ್ರೋಜ್ನಿಯು ೧೯೧೫ರಲ್ಲಿ ತೋರಿಸಿದನು. ಆ ಭಾಷೆಯಲ್ಲಿ ಹಕಾರವನ್ನು ಹೋಲುವ ಒಂದು ವ್ಯಂಜನವಿತ್ತು. ೧೯೨೭ರಲ್ಲಿ ಪೋಲೆಂಡಿನ ಕುರಿಲೋವಿಚ್ಚನು, ಸಸ್ಯೂರನು ಗುಣಾಂಕವಿರಬೇಕೆಂದು ಹೇಳಿದ್ದ ಸ್ಥಾನಗಳಲ್ಲಿ ಈ ವ್ಯಂಜನವು ಕಾಣಬರುತ್ತದೆಂದು ತೋರಿಸಿಕೊಟ್ಟನು. ಕಾಪಾಡು ಎಂಬರ್ಥದ ಸಂಸ್ಕೃತ ಧಾತು 'ಪಾ'; ಅದಕ್ಕೆ ಸಂವಾದಿಯಾದ ಹಿಟ್ಟೈಟ್ ರೂಪ 'ಪಹ್ಸ್'. ಸಂಸ್ಕೃತದ ದೀರ್ಘದಲ್ಲಿ ಲೀನವಾದ ವರ್ಣವು ಹಿಟ್ಟೈಟಿನಲ್ಲಿ ಬಿಡಿಯಾಗಿ ಉಳಿದುಕೊಂಡಿದೆ. ಕುರಿಲೋವಿಚ್ಚನ ಲೇಖನವು ಬರುವ ವೇಳೆಗೆ ಸಸ್ಯೂರನು ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದವು. ಅವನ ಊಹೆಯ ಎಲ್ಲ ವಿವರಗಳೂ ಹಾಗೆಯೇ ನಿಲ್ಲಲಿಲ್ಲ. ಎರಡಕ್ಕೆ ಬದಲಾಗಿ ಮೂರು ವರ್ಣಗಳನ್ನು ಒಪ್ಪುವ ಪಕ್ಷವೇ ಇಂದು ಪ್ರಬಲವಾಗಿದೆ. ಆದರೆ ತರ್ಕದ ಮಾರ್ಗವು ಸರಿಯೆಂದು ಸ್ಥಿರಪಟ್ಟಿತು.

೪

ಪ್ರಬಂಧದ ತರುವಾಯ ಸಸ್ಯೂರನು ಸಂಸ್ಕೃತದ ಸತಿ ಷಷ್ಠಿಯ ಪ್ರಯೋಗವನ್ನು ಕುರಿತು ಬರೆದು ೧೮೮೦ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. ೧೮೮೧ರಿಂದ ೧೮೯೧ರವರೆಗೆ ಪ್ಯಾರಿಸ್ಸಿನ ಉನ್ನತ ವ್ಯಾಸಂಗ ಸಂಸ್ಥೆಯಲ್ಲಿ ಬೋಧಿಸಿದನು. ಫ್ರೆಂಚ್ ಭಾಷಾಶಾಸ್ತ್ರದ ಮುಂದಿನ ನಾಯಕನಾದ ಆಂತ್ವಾನ್ ಮೆಯ್ಯೆಯು ಅಲ್ಲಿ ಅವನ ಶಿಷ್ಯನಾಗಿದ್ದನು. ೧೮೯೧ರಲ್ಲಿ ಸಸ್ಯೂರನು ಹುಟ್ಟೂರಿಗೆ ಮರಳಿ ಸಂಸ್ಕೃತವನ್ನೂ ಇಂಡೋ-ಯುರೋಪಿಯನ್ ಭಾಷೆಗಳನ್ನೂ ಕಲಿಸತೊಡಗಿದನು.

ಅಲ್ಲಿಂದ ಮುಂದೆ ಅವನ ಲೇಖನಿಯು ಕ್ರಮೇಣ ಮೌನವಹಿಸಿತು. ಲಿಥುವೇನಿಯನ್ ಭಾಷೆಯ ಸ್ವರಾಘಾತವನ್ನು ಕುರಿತು ೧೮೯೪ ಮತ್ತು ೧೮೯೬ರಲ್ಲಿ ಬರೆದ ಬೆಲೆಯುಳ್ಳ ಲೇಖನಗಳನ್ನು ಬಿಟ್ಟರೆ ತರುವಾಯ ಅಚ್ಚಿಗೆ ಹೋದದ್ದು ಅತ್ಯಲ್ಪ. ಕಾರಣದ ಒಂದು ಸುಳಿವು ೧೮೯೪ರ ಜನವರಿ ೪ರಂದು ಮೆಯ್ಯೆಗೆ ಬರೆದ ಕಾಗದದಲ್ಲಿ ದೊರೆಯುತ್ತದೆ. ಭಾಷೆಯ ವಿಷಯವಾಗಿ ಹತ್ತು ಸಾಲು ಬರೆಯುವುದೂ ಕಷ್ಟವಾಗಿದೆಯೆಂದೂ, ಬಳಕೆಯಲ್ಲಿರುವ ಪರಿಭಾಷೆಯು ಪೂರ್ತಿಯಾಗಿ ಅಯೋಗ್ಯವೆಂದೂ, ಭಾಷೆಯೆಂಬುದು ಎಂತಹ ವಸ್ತುವೆಂಬುದನ್ನು ಮೊದಲು ತೋರಿಸಿಕೊಡಬೇಕಾಗಿದೆಯೆಂದೂ, ಇಷ್ಟವಿಲ್ಲದಿದ್ದರೂ ಇದಕ್ಕಾಗಿ ಒಂದು ಪುಸ್ತಕ ಬರೆಯಬೇಕಾಗಿ ಬರಬಹುದೆಂದೂ ಅಲ್ಲಿ ತೋಡಿಕೊಂಡಿದ್ದಾನೆ. ಇದನ್ನು ಇತಿಹಾಸದ ಮೇಲಿನ ಜಿಗುಪ್ಸೆಯೆಂದು ತಿಳಿಯುವುದು ತಪ್ಪಾಗುತ್ತದೆ. ಧ್ವನಿಯೊಂದು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಬರುವಲ್ಲಿ ಬದಲಾಯಿತೆಂದು ಹೇಳುವ ಮೊದಲು, ಬದಲಾದುದು ಯಾವುದು, ಬದಲಾದಮೇಲೂ ಅದು ಅದೇ ಎಂದು ಹೇಳುವುದು ಯಾವ ಆಧಾರದಿಂದ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕಲ್ಲವೇ? ಐತಿಹಾಸಿಕ ವ್ಯಾಸಂಗದ ತಳಹದಿಯನ್ನು ಭದ್ರಪಡಿಸುವುದಕ್ಕೆಂದೇ ಅವನು ಸಾಮಾನ್ಯ ಸಿದ್ಧಾಂತದ ಕಡೆಗೆ ತಿರುಗಿದನೆಂದು ನಮಗೆ ತೋರುತ್ತದೆ.

೧೯೦೬ರ ಕೊನೆಯಲ್ಲಿ, ಸಹೋದ್ಯೋಗಿಯೊಬ್ಬನ ನಿವೃತ್ತಿಯಿಂದ ಸಾಮಾನ್ಯ ಭಾಷಾಶಾಸ್ತ್ರದ ಬೋಧನೆಯು ಅವನ ಪಾಲಿಗೆ ಬಂದಿತು. ೧೯೦೭, ೧೯೦೮–೦೯, ೧೯೧೦–೧೧ ಹೀಗೆ ಮೂರು ಸಲ ಉಪನ್ಯಾಸಮಾಲೆಗಳು ನಡೆದವು. ಕೇಳಿದ ವಿದ್ಯಾರ್ಥಿಗಳು ಕೆಲವೇ ಮಂದಿ. ೧೯೧೩ನೆಯ ಫೆಬ್ರವರಿ ೨೨ರಂದು ಸಸ್ಯೂರನು ಕಾಲವಾದನು. ಬರೆಯಬೇಕೆಂದಿದ್ದ ಪುಸ್ತಕವು ಬರೆಯದೆಯೇ ಉಳಿಯಿತು.

೫

ಆ ಉಪನ್ಯಾಸಗಳಲ್ಲಿ ಪ್ರತಿಪಾದಿತವಾದ ಮುಖ್ಯ ಅಂಶಗಳನ್ನು ಇನ್ನು ಸಂಕ್ಷೇಪವಾಗಿ ನೋಡಬಹುದು.

ಮೊದಲನೆಯದು ಭಾಷಾವ್ಯವಸ್ಥೆಗೂ ಉಕ್ತಿಗೂ ಇರುವ ಭೇದ. ಒಬ್ಬೊಬ್ಬನು ಒಂದೊಂದು ಸಂದರ್ಭದಲ್ಲಿ ಆಡುವ ಮಾತು ಉಕ್ತಿ. ಆ ಮಾತುಗಳೆಲ್ಲ ಅರ್ಥವಾಗುವಂತೆ ಒಂದು ಸಮಾಜದವರೆಲ್ಲರ ಮನಸ್ಸಿನಲ್ಲಿ ನೆಲೆಗೊಂಡಿರುವುದು ವ್ಯವಸ್ಥೆ. ಎರಡನೆಯದು ಸಂಕೇತದ ಸ್ವರೂಪ. ಪ್ರತಿಯೊಂದು ಭಾಷಾಸಂಕೇತದಲ್ಲಿಯೂ ಸೂಚಕವೆಂಬ ಧ್ವನಿಭಾಗವೂ ಸೂಚಿತವೆಂಬ ಅರ್ಥಭಾಗವೂ ಇವೆ. ಅವೆರಡರ ನಂಟು ಯಾದೃಚ್ಛಿಕವಾದುದು. ಸೂಚಕ ಸೂಚಿತಗಳೆಂಬ ಜೋಡಿ ಪದಗಳನ್ನು ಅವನು ಬಳಕೆಗೆ ತಂದುದು ಮೂರನೆಯ ಮಾಲೆಯಲ್ಲಿ, ೧೯೧೧ರ ಮೇ ತಿಂಗಳಲ್ಲಿ. ಶಬ್ದಾರ್ಥಗಳ ನಂಟು ಕೇವಲ ಸಂಕೇತಮೂಲವಾದುದೆಂಬ ಪಕ್ಷವು ನಮ್ಮ ನೈಯಾಯಿಕರಿಗೆ ಹೊಸತಲ್ಲ. ಯೂರೋಪಿನಲ್ಲಿಯೂ ಈ ಚರ್ಚೆ ಪ್ಲೇಟೋವಿನಷ್ಟು ಹಳೆಯದು. ಅಮೆರಿಕದ ಸಂಸ್ಕೃತ ವಿದ್ವಾಂಸನಾದ ವಿಟ್ನಿಯು ಈ ತತ್ತ್ವವನ್ನು ಒತ್ತಿಹೇಳಿದ್ದನೆಂಬುದನ್ನು ಸಸ್ಯೂರನೇ ಗೌರವದಿಂದ ಸ್ಮರಿಸಿದ್ದಾನೆ.

ನಿಜವಾಗಿ ಹೊಸದಾದುದು ಮೂರನೆಯ ಅಂಶ, ಎಂದರೆ ಮೌಲ್ಯದ ಕಲ್ಪನೆ. ಒಂದು ಪದಕ್ಕೆ ಅದರ ಬೆಲೆ ಬರುವುದು ಅದು ಸೂಚಿಸುವ ವಸ್ತುವಿನಿಂದ ಮಾತ್ರವೇ ಅಲ್ಲ, ಅದೇ ವ್ಯವಸ್ಥೆಯಲ್ಲಿ ಅದರ ನೆರೆಯಲ್ಲಿ ನಿಂತ ಇತರ ಪದಗಳಿಂದ. ಸಂಸ್ಕೃತದಲ್ಲಿ ದ್ವಿವಚನವಿರುವುದರಿಂದ ಅಲ್ಲಿಯ ಬಹುವಚನವು ಫ್ರೆಂಚಿನ ಬಹುವಚನಕ್ಕೆ ಸಮವಾಗಲಾರದೆಂದು ಅವನು ತನ್ನ ವಿದ್ಯಾರ್ಥಿಗಳಿಗೆ ಹೇಳಿದನು. ನಮ್ಮ ಮನೆಯ ಹತ್ತಿರದ ಉದಾಹರಣೆಯನ್ನು ಕೊಡುವುದಾದರೆ, ಕನ್ನಡದ 'ನಾವು' ಎಂಬ ಪದವನ್ನೇ ನೋಡಬಹುದು. ತೆಲುಗಿನಲ್ಲಿ ಕೇಳುವವನನ್ನೂ ಸೇರಿಸಿಕೊಂಡರೆ 'ಮನಮು' ಎಂದೂ, ಅವನನ್ನು ಬಿಟ್ಟರೆ 'ಮೇಮು' ಎಂದೂ ಹೇಳಬೇಕು. ಈ ಲೇಖನದಲ್ಲಿ ನಾವು ಬಳಸುತ್ತಿರುವ 'ನಾವು' ಎಂಬುದನ್ನು ತೆಲುಗಿಗೆ ತಿರುಗಿಸುವವನು ಪ್ರತಿಯೊಂದು ಕಡೆಯಲ್ಲಿಯೂ ವಾಚಕನು ಒಳಗಿದ್ದಾನೋ ಹೊರಗಿದ್ದಾನೋ ಎಂದು ನಿರ್ಣಯಿಸಬೇಕಾಗುತ್ತದೆ. ವ್ಯಕ್ತಿಗಳು ಅವರೇ ಆದರೂ ಪದದ ಮೌಲ್ಯ ಬೇರೆ.

ಧ್ವನಿಗಳಿಗೂ ಇದೇ ನ್ಯಾಯ. ಕನ್ನಡದಲ್ಲಿ 'ಕಡಿ' ಬೇರೆ, 'ಗಡಿ' ಬೇರೆ. ಆದುದರಿಂದ ಕಕಾರ ಗಕಾರಗಳು ಎರಡು ಮೌಲ್ಯಗಳು. ತಮಿಳಿನವನ ಬಾಯಿಂದಲೂ ಈ ಎರಡು ಧ್ವನಿಗಳು ಹೊರಡುತ್ತವೆ. ಆದರೆ ಪದದ ಆದಿಯಲ್ಲಿ ಒಂದು, ನಡುವೆ ಇನ್ನೊಂದು ಎಂಬಂತೆ ಅವು ಸ್ಥಾನಕ್ಕೆ ತಕ್ಕ ಹಾಗೆ ಬರುವುದರಿಂದ, ಅಚ್ಚ ತಮಿಳಿನ ಪದಗಳಲ್ಲಿ ಅರ್ಥವನ್ನು ಬೇರ್ಪಡಿಸುವುದಿಲ್ಲ. ಎರಡಕ್ಕೂ ಒಂದೇ ಅಕ್ಷರ ಸಾಕಾಗಿದೆ. ಧ್ವನಿಯಂತ್ರವು ಎರಡೆಂದು ತೋರಿಸಿದುದನ್ನು ವ್ಯವಸ್ಥೆಯು ಒಂದೆಂದು ಎಣಿಸಬಹುದು. ೧೮೭೮ರಲ್ಲಿ ಉಚ್ಚಾರಣೆಯನ್ನು ಬದಿಗಿಟ್ಟು ಸ್ಥಾನದಿಂದಲೇ ಒಂದು ವರ್ಣವನ್ನು ಸಾಧಿಸಿದ ತರ್ಕವೇ ಇಲ್ಲಿ ಸಾಮಾನ್ಯ ಸಿದ್ಧಾಂತವಾಗಿ ಬೆಳೆದು ನಿಂತಿರುವುದನ್ನು ಕಾಣಬಹುದು.

ನಾಲ್ಕನೆಯದು, ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು, ಏಕಕಾಲಿಕ ಅಧ್ಯಯನಕ್ಕೂ ಬಹುಕಾಲಿಕ ಅಧ್ಯಯನಕ್ಕೂ ಮಾಡಿದ ವಿಭಾಗ. ಇದಕ್ಕೆ ಅವನು ಕೊಟ್ಟ ಚದುರಂಗದ ಹೋಲಿಕೆ ಪ್ರಸಿದ್ಧವಾಗಿದೆ. ಆಟದ ನಡುವೆ ಬಂದವನು ಮಣೆಯ ಮೇಲಿನ ಅಂದಿನ ಸ್ಥಿತಿಯನ್ನು ಅರಿಯಲು ಹಿಂದಿನ ನಡೆಗಳನ್ನೆಲ್ಲ ತಿಳಿಯಬೇಕಾಗಿಲ್ಲ. ಕುದುರೆಯು ಕಳೆದುಹೋದರೆ ಒಂದು ಹುಣಿಸೆಬೀಜವನ್ನಿಟ್ಟು ಆಟ ಮುಂದುವರಿಸಬಹುದು. ಕುದುರೆಯ ನಡೆಯನ್ನು ನಡೆಯುವವರೆಗೂ ಬೀಜವೇ ಕುದುರೆ. ಆದರೆ ಹಿಂದಿನ ನಡೆಗಳು ಬೇಕಿಲ್ಲವೆಂಬುದು ಮಣೆಯನ್ನು ವರ್ಣಿಸುವವನಿಗೆ ಹೇಳಿದ ಮಾತು. ಆಟವು ಈ ಸ್ಥಿತಿಗೆ ಹೇಗೆ ಬಂದಿತೆಂದು ಕೇಳುವವನಿಗೆ ನಡೆಗಳಲ್ಲದೆ ಬೇರೆ ಉತ್ತರವಿಲ್ಲ. ಎರಡು ಪ್ರಶ್ನೆಗಳನ್ನು ಬೆರೆಸಬಾರದೆಂಬುದು ಸಸ್ಯೂರನ ವಾದ. ಎರಡರಲ್ಲಿ ಒಂದನ್ನು ಕೇಳಲೇಬಾರದೆಂಬುದಲ್ಲ.

೬

ಹಾಗಾದರೆ ಇತಿಹಾಸವಿರೋಧಿಯೆಂಬ ಖ್ಯಾತಿ ಅವನಿಗೆ ಎಲ್ಲಿಂದ ಬಂದಿತು? ಇದಕ್ಕೆ ಉತ್ತರವಾಗಿ ೧೯೧೬ರಲ್ಲಿ ಅವನ ಹೆಸರಿನಲ್ಲಿ ಪ್ರಕಟವಾದ ಸಾಮಾನ್ಯ ಭಾಷಾಶಾಸ್ತ್ರದ ಉಪನ್ಯಾಸಗಳೆಂಬ ಗ್ರಂಥವನ್ನು ಒಂದು ಐತಿಹಾಸಿಕ ದಾಖಲೆಯಾಗಿ ಪರೀಕ್ಷಿಸಬೇಕು.

ಅದರ ಸಂಪಾದಕರು ಷಾರ್ಲ್ ಬಯ್ಯಿ ಮತ್ತು ಆಲ್ಬರ್ಟ್ ಸೆಷೆಯ್ ಎಂಬ ಇಬ್ಬರು ಜಿನೀವಾ ವಿದ್ವಾಂಸರು. ಅವರು ಸಸ್ಯೂರನ ಬಳಿ ಬೇರೆ ವಿಷಯಗಳನ್ನು ಕಲಿತಿದ್ದವರಾದರೂ ಈ ಮೂರು ಉಪನ್ಯಾಸಮಾಲೆಗಳನ್ನು ಕೇಳಿದವರಲ್ಲ. ಗುರುವಿನ ಮೇಜಿನಲ್ಲಿ ಟಿಪ್ಪಣಿಗಳನ್ನು ಹುಡುಕಿದರು. ಸಿಕ್ಕಿದುದು ಬಲು ಕಡಮೆ. ಉಪನ್ಯಾಸಕ್ಕಾಗಿ ಬರೆದುಕೊಂಡುದನ್ನು ಅವನು ಅಂದಂದಿಗೆ ಹರಿದುಹಾಕುತ್ತಿದ್ದನೆಂದು ಮುನ್ನುಡಿಯಲ್ಲಿ ತಿಳಿಸಿದ್ದಾರೆ. ಕೊನೆಗೆ ವಿದ್ಯಾರ್ಥಿಗಳ ಟಿಪ್ಪಣಿಪುಸ್ತಕಗಳನ್ನು ಕೂಡಿಸಿ, ಎರಡು ಮಾಲೆಗಳನ್ನು ಕೇಳಿದ್ದ ಆಲ್ಬರ್ಟ್ ರೀಡ್ಲಿಂಗರನ ಸಹಾಯದಿಂದ, ಮೂರು ಮಾಲೆಗಳನ್ನೂ ಒಂದು ಗ್ರಂಥವಾಗಿ ಹೆಣೆದರು. ಇದನ್ನು ಅವರು ಮರೆಮಾಚಲಿಲ್ಲ. ತಾವು ಮಾಡಿದುದು ಪುನಾರಚನೆಯೆಂದು ಸ್ಪಷ್ಟವಾಗಿಯೇ ಹೇಳಿದರು. ಅವರ ಶ್ರಮವಿಲ್ಲದಿದ್ದರೆ ಇಂದು ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲವೆಂಬುದನ್ನು ಮರೆಯಬಾರದು.

ಆದರೂ ಪುನಾರಚನೆಯಲ್ಲಿ ಮೂರು ಸಂಗತಿಗಳು ನಡೆದವು. ಒಂದು: ಪ್ರತಿಯೊಂದು ಮಾಲೆಯಲ್ಲಿಯೂ ಸುಮಾರು ಅರ್ಧಭಾಗವು ಇಂಡೋ-ಯುರೋಪಿಯನ್ ಭಾಷೆಗಳ ಚರಿತ್ರೆಗೂ ವರ್ಣನೆಗೂ ಮೀಸಲಾಗಿತ್ತು. ಪಠ್ಯಕ್ರಮದ ನಿರ್ಬಂಧದಿಂದ ಬಂದುದೆಂದು ಎಣಿಸಿ ಸಂಪಾದಕರು ಅದನ್ನು ಬಹುಮಟ್ಟಿಗೆ ಕೈಬಿಟ್ಟರು. ಎರಡು: ಮೂರನೆಯ ಮಾಲೆಯಲ್ಲಿ ಸಸ್ಯೂರನು ಲೋಕದ ಬಗೆಬಗೆಯ ಭಾಷೆಗಳು, ಅವು ನಾಡುಗಳಲ್ಲಿ ಹರಡಿರುವ ರೀತಿ, ಕಾಲದೇಶಗಳಲ್ಲಿ ಅವುಗಳ ಭೇದ ಇವನ್ನು ಮೊದಲು ವಿವರಿಸಿ, ಆಮೇಲೆ ಭಾಷಾವ್ಯವಸ್ಥೆಯೆಂಬ ಸಾಮಾನ್ಯ ಕಲ್ಪನೆಗೆ ಏರಿದ್ದನು. ಗ್ರಂಥದಲ್ಲಿ ಕ್ರಮವು ತಲೆಕೆಳಗಾಯಿತು. ವ್ಯವಸ್ಥೆಯು ಮೊದಲಿಗೆ ಬಂದಿತು, ಭೌಗೋಳಿಕ ವಿಚಾರವು ನಾಲ್ಕನೆಯ ಭಾಗಕ್ಕೆ ಸರಿಯಿತು. ಮೂರು: ಭಾಷಾಶಾಸ್ತ್ರದ ಏಕೈಕ ವಿಷಯವು ಭಾಷಾವ್ಯವಸ್ಥೆಯೇ, ಅದನ್ನು ಅದಕ್ಕಾಗಿಯೇ, ಅದರಲ್ಲಿಯೇ ನೋಡತಕ್ಕದ್ದು ಎಂಬ ಭಾವದ ವಾಕ್ಯದಿಂದ ಗ್ರಂಥವು ಮುಗಿಯುತ್ತದೆ. ಮುಂದೆ ಘೋಷಣೆಯಂತೆ ಉದ್ಧೃತವಾದುದು ಇದೇ ವಾಕ್ಯ. ಜಿನೀವಾದ ರಾಬರ್ಟ್ ಗೊಡೆಲ್ಲನು ೧೯೫೭ರಲ್ಲಿ ಮೂಲ ಹಸ್ತಪ್ರತಿಗಳನ್ನು ಪರಿಶೋಧಿಸಿ ಪ್ರಕಟಿಸಿದ ಗ್ರಂಥದಲ್ಲಿ, ಈ ವಾಕ್ಯಕ್ಕೆ ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಆಧಾರವಿಲ್ಲವೆಂದು ತೋರಿಸಿದನು. ಅದು ಸಂಪಾದಕರ ಮಾತು.

ಗೊಡೆಲ್ಲನ ತರುವಾಯ ಹೊಸ ಸಾಮಗ್ರಿಯೂ ಬೆಳಕಿಗೆ ಬಂದಿದೆ. ಮೂರನೆಯ ಮಾಲೆಯನ್ನು ವಿಸ್ತಾರವಾಗಿ ಬರೆದುಕೊಂಡಿದ್ದ ಎಮಿಲ್ ಕೊನ್ಸ್ತಾಂತನ ಟಿಪ್ಪಣಿಪುಸ್ತಕಗಳು ೧೯೫೮ರಲ್ಲಿ ದೊರೆತವು. ಸಂಪಾದಕರು ಇವನ್ನು ಕಂಡೇ ಇರಲಿಲ್ಲ. ರುಡಾಲ್ಫ್ ಎಂಗ್ಲರನು ೧೯೬೭ರಿಂದ ೧೯೭೪ರವರೆಗೆ ಹೊರತಂದ ಆವೃತ್ತಿಯಲ್ಲಿ ಅಚ್ಚಾದ ಗ್ರಂಥದ ವಾಕ್ಯಗಳನ್ನೂ ಅವುಗಳ ಮೂಲವಾದ ಟಿಪ್ಪಣಿಗಳನ್ನೂ ಪಕ್ಕಪಕ್ಕದಲ್ಲಿ ಹೊಂದಿಸಿಕೊಟ್ಟನು. ೧೯೯೬ರಲ್ಲಿ ಸಸ್ಯೂರ್ ಮನೆತನದ ಜಿನೀವಾ ನಿವಾಸದಲ್ಲಿ ಅವನ ಸ್ವಹಸ್ತದ ಕರಡುಗಳ ಕಟ್ಟೊಂದು ಸಿಕ್ಕಿ, ೨೦೦೨ರಲ್ಲಿ ಅಚ್ಚಾಯಿತು. ಎಲ್ಲವನ್ನೂ ಹರಿದುಹಾಕಿದನೆಂಬ ಮಾತು ಹೀಗೆ ಪೂರ್ತಿ ನಿಜವಾಗಿ ಉಳಿಯಲಿಲ್ಲ.

ಅಚ್ಚಾದ ಗ್ರಂಥವನ್ನೇ ಹಿಡಿದರೂ, ಅದರ ಮೂರನೆಯ ಭಾಗವು ಬಹುಕಾಲಿಕ ಭಾಷಾಶಾಸ್ತ್ರಕ್ಕೇ ಮುಡಿಪಾಗಿದೆ. ಐದನೆಯ ಭಾಗವು ಭೂತಕಾಲದ ಪುನಾರಚನೆಯನ್ನು ಕುರಿತುದು. ಇತಿಹಾಸ ಬೇಡವೆಂದವನ ಗ್ರಂಥವು ಹೀಗಿರುವುದು ಅಸಂಭವ.

೭

ಇಷ್ಟಾದರೂ ಒಂದು ಗ್ರಂಥವು ಲೋಕದಲ್ಲಿ ಮಾಡುವ ಕೆಲಸವು ಅದನ್ನು ಬರೆದವರಾರೆಂಬುದರ ಮೇಲೆ ಮಾತ್ರ ನಿಂತಿಲ್ಲ. ೧೯೧೬ರ ಗ್ರಂಥವು ತನ್ನ ಅಚ್ಚಾದ ರೂಪದಲ್ಲಿಯೇ ಜಗತ್ತನ್ನು ಸುತ್ತಿತು. ೧೯೨೮ರಲ್ಲಿ ಜಪಾನಿಗೂ, ೧೯೩೧ರಲ್ಲಿ ಜರ್ಮನಿಗೂ, ೧೯೩೩ರಲ್ಲಿ ರಷ್ಯನ್ನಿಗೂ, ೧೯೫೯ರಲ್ಲಿ ಇಂಗ್ಲಿಷಿಗೂ ಭಾಷಾಂತರವಾಯಿತು. ೧೯೨೬ರಲ್ಲಿ ಸ್ಥಾಪಿತವಾದ ಪ್ರಾಗ್ ಭಾಷಾಕೂಟದ ಯಾಕೊಬ್ಸನ್ ಮತ್ತು ತ್ರುಬೆತ್ಸ್ಕೊಯ್ ಇವರು ಧ್ವನಿಮಾ ಶಾಸ್ತ್ರವನ್ನು ಕಟ್ಟಿದರು. ಕೋಪನ್‌ಹೇಗನ್ನಿನ ಯೆಲ್ಮ್‌ಸ್ಲೇವನು ಕೇವಲ ಸಂಬಂಧಗಳ ಶಾಸ್ತ್ರವೊಂದನ್ನು ರೂಪಿಸಿದನು. ನ್ಯೂಯಾರ್ಕಿನಲ್ಲಿ ಯಾಕೊಬ್ಸನ್ನನ ಪರಿಚಯವಾದ ಮೇಲೆ ಲೆವ್ವಿ-ಸ್ತ್ರಾಸನು ಈ ವಿಧಾನವನ್ನು ಬಂಧುತ್ವದ ವ್ಯಾಸಂಗಕ್ಕೆ ಒಯ್ದು ೧೯೪೯ರಲ್ಲಿ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಸಸ್ಯೂರನು ತಾನು 'ವ್ಯವಸ್ಥೆ' ಎಂದುದನ್ನು ಇವರು 'ರಚನೆ' ಎಂದರು. ರಚನಾವಾದವೆಂಬ ಹೆಸರನ್ನು ಇಟ್ಟವನು ಅವನಲ್ಲ. ಆದುದರಿಂದ ದಾಖಲೆಗಳ ಸಸ್ಯೂರನನ್ನೂ ಪ್ರಭಾವದ ಸಸ್ಯೂರನನ್ನೂ ಇತಿಹಾಸಕಾರನು ಬೇರೆಬೇರೆಯಾಗಿ ಗುರುತಿಸಿ, ಇಬ್ಬರಿಗೂ ಅವರವರ ಸ್ಥಾನವನ್ನು ಕೊಡಬೇಕು.

ಒಂದು ವಿಷಯದಲ್ಲಿ ಸಸ್ಯೂರನು ಹೇಳಿದುದು ನಿಲ್ಲಲಿಲ್ಲ. ಧ್ವನಿಪರಿವರ್ತನೆಯು ಕುರುಡಾಗಿ ಬಿಡಿಬಿಡಿಯಾಗಿ ನಡೆಯುತ್ತದೆ, ವ್ಯವಸ್ಥೆಗೆ ಅದರಿಂದ ಪರಿಣಾಮವಾಗುವುದು ಆಕಸ್ಮಿಕ ಎಂದು ಅವನು ಎಣಿಸಿದ್ದನು. ಯಾಕೊಬ್ಸನ್ನನು ೧೯೨೯ರಲ್ಲಿ ರಷ್ಯನ್ ಭಾಷೆಯ ಧ್ವನಿಚರಿತ್ರೆಯನ್ನು ಕುರಿತು ಬರೆದಾಗಲೂ, ಮಾರ್ತಿನೆಯು ೧೯೫೫ರಲ್ಲಿ ಅದೇ ಮಾರ್ಗವನ್ನು ವಿಸ್ತರಿಸಿದಾಗಲೂ, ಪರಿವರ್ತನೆಯನ್ನೇ ವ್ಯವಸ್ಥೆಯ ದೃಷ್ಟಿಯಿಂದ ನೋಡಬೇಕೆಂದು ಪ್ರತಿಪಾದಿಸಿದರು. ಹೀಗೆ ಇತಿಹಾಸ ಮತ್ತು ವ್ಯವಸ್ಥೆ, ೧೮೭೮ರ ಪ್ರಬಂಧದಲ್ಲಿ ಜೊತೆಯಲ್ಲಿದ್ದ ಎರಡು, ಮತ್ತೆ ಜೊತೆಗೂಡಿದವು.

ಕನ್ನಡದಲ್ಲಿಯೂ ಎರಡು ಧಾರೆಗಳು ಹರಿದಿವೆ. ಎ. ಎನ್. ನರಸಿಂಹಯ್ಯನವರ ಪ್ರಾಚೀನ ಶಾಸನಗಳ ವ್ಯಾಕರಣವು (೧೯೪೧), ಜಿ. ಎಸ್. ಗಾಯಿ ಅವರ ಹಳಗನ್ನಡದ ಚಾರಿತ್ರಿಕ ವ್ಯಾಕರಣವು (೧೯೪೬) ಇತಿಹಾಸದ ದಾರಿಯವು. ೧೯೫೪ರಿಂದ ಪುಣೆಯ ಡೆಕ್ಕನ್ ಕಾಲೇಜಿನ ಆಶ್ರಯದಲ್ಲಿ ನಡೆದ ಭಾಷಾವಿಜ್ಞಾನ ಶಾಲೆಗಳಿಂದ ವರ್ಣನಾತ್ಮಕ ಮಾರ್ಗವು ಪ್ರಚಾರಕ್ಕೆ ಬಂದಿತು. ವಿಲಿಯಂ ಬ್ರೈಟರು ಆಡುಗನ್ನಡವನ್ನು ಕುರಿತು ೧೯೫೮ರಲ್ಲಿ ಪ್ರಕಟಿಸಿದ ಪುಸ್ತಕವು ಆ ದಾರಿಯದು. ಇವೆರಡೂ ಒಂದಕ್ಕೊಂದು ಬೇಕಾದುವೆಂಬುದಕ್ಕೆ ದಿನಬಳಕೆಯ ಒಂದು ಜೋಡಿಯೇ ಸಾಕು. ಇಂದಿನ ಕನ್ನಡದಲ್ಲಿ ಕುಡಿಯುವುದು 'ಹಾಲು', ಹಂಚಿಕೊಳ್ಳುವುದು 'ಪಾಲು'. ಪಕಾರ ಹಕಾರಗಳ ಭೇದದಿಂದಲೇ ಅರ್ಥವು ಬೇರೆಯಾಗಿದೆಯೆಂದು ವ್ಯವಸ್ಥೆಯನ್ನು ನೋಡುವವನು ಹೇಳುತ್ತಾನೆ, ಅದು ನಿಜ. ಹಳಗನ್ನಡದಲ್ಲಿ ಎರಡಕ್ಕೂ 'ಪಾಲ್' ಎಂಬ ಒಂದೇ ರೂಪವಿತ್ತು. ಪದದ ಆದಿಯ ಪಕಾರವು ಹಕಾರವಾದ ಕಾಲದಲ್ಲಿ ಒಂದು ಬದಲಾಯಿತು, ಇನ್ನೊಂದು ಪಕಾರದೊಡನೆಯೇ ಉಳಿದುಬಂದಿತು ಎಂದು ಇತಿಹಾಸವನ್ನು ನೋಡುವವನು ಹೇಳುತ್ತಾನೆ, ಅದೂ ನಿಜ. ಮೊದಲನೆಯವನಿಲ್ಲದೆ ಬದಲಾವಣೆಯ ಬೆಲೆ ತಿಳಿಯುವುದಿಲ್ಲ; ಎರಡನೆಯವನಿಲ್ಲದೆ ಈ ಭೇದವು ಎಲ್ಲಿಂದ ಬಂದಿತೆಂಬುದು ತಿಳಿಯುವುದಿಲ್ಲ.

ತರಗತಿಯಲ್ಲಿ ಆ ಪ್ರಶ್ನೆಯನ್ನು ಕೇಳುವ ವಿದ್ಯಾರ್ಥಿಗೆ ನಾವು ಕೊಡಬಹುದಾದ ಉತ್ತರ ಇಷ್ಟೇ. ಇತಿಹಾಸ ಬೇಡವೆಂದು ಸಸ್ಯೂರನು ಹೇಳಲಿಲ್ಲ. ಸಂಸ್ಕೃತದ ಧಾತುರೂಪಗಳನ್ನು ಮುಂದಿಟ್ಟುಕೊಂಡು ಮೂಲಭಾಷೆಯನ್ನು ಅರಸುತ್ತಿದ್ದಾಗಲೇ ಅವನಿಗೆ ವ್ಯವಸ್ಥೆಯು ಕಾಣಿಸಿತು. ಹಾಗೆ ಹೇಳಿದನೆಂದು ನಾವು ನಂಬುವಂತೆ ಮಾಡಿದುದು, ಅವನು ಬರೆಯದ ಪುಸ್ತಕದಲ್ಲಿ ಅವನು ಆಡದ ಒಂದು ವಾಕ್ಯ. ಮೂಲವನ್ನು ನೋಡದೆ ಒಂದು ಮಾತನ್ನು ಮುಂದಕ್ಕೆ ಸಾಗಿಸಬಾರದೆಂಬ ಪಾಠವು ಇತಿಹಾಸದ ವಿದ್ಯಾರ್ಥಿಗೂ ಭಾಷೆಯ ವಿದ್ಯಾರ್ಥಿಗೂ ಸಮಾನವಾದುದು.